ಹೆಗ್ರಾ ಮತ್ತು ಪೆಟ್ರಾದ ಬಂಡೆಗೋರಿಗಳು: ವರ್ಗೀಕರಣ ಮತ್ತು ಕಾಲನಿರ್ಣಯ

ಜೋರ್ಡಾನಿನ ಪೆಟ್ರಾದಲ್ಲಿ ಪ್ರಾಚೀನ ಅರಬ್ ಜನರಾದ ನಬಾಟಿಯನ್ನರು ಮರಳುಗಲ್ಲಿನ ಬೆಟ್ಟಗಳಲ್ಲಿ ಕೊರೆಸಿದ ಗೋರಿಗಳು ನೂರಾರು. ಮುಂಭಾಗದ ಅಲಂಕಾರವನ್ನು ಆಧರಿಸಿ ಇವನ್ನು ಮೊದಲು ವ್ಯವಸ್ಥಿತವಾಗಿ ವರ್ಗೀಕರಿಸಿದವರು ಬ್ರ್ಯೂನೋ ಮತ್ತು ಡೊಮಾಸ್ಜೆವ್ಸ್ಕಿ (1904). ನೆತ್ತಿಯಲ್ಲಿ ಮೆಟ್ಟಿಲಾಕಾರದ ತೆನೆಗಳಷ್ಟೇ ಇದ್ದರೆ ಹಳೆಯದು, ಕಪೋತ ಮತ್ತು ಅರೆಗಂಬಗಳು ಸೇರಿದರೆ ನಂತರದ್ದು, ಗ್ರೀಕ್-ರೋಮನ್ ದೇಗುಲದಂತಿದ್ದರೆ ತೀರ ಈಚಿನದು ಎಂಬುದು ಅವರ ವಾದದ ತಿರುಳು. ವಾದವೇನೋ ಅಚ್ಚುಕಟ್ಟು, ಆಧಾರ ಮಾತ್ರ ತೆಳು. ಪೆಟ್ರಾದ ಗೋರಿಗಳಲ್ಲಿ ಶಾಸನಗಳೇ ವಿರಳ. ತುರ್ಕಮಾನಿಯಾ ಗೋರಿಯ ದೀರ್ಘ ಶಾಸನದಲ್ಲೂ ಕಾಲದ ಉಲ್ಲೇಖವಿಲ್ಲ.

ಈ ವಾದವನ್ನು ಒರೆಗೆ ಹಚ್ಚಲು ನಬಾಟಿಯನ್ನರದೇ ಇನ್ನೊಂದು ನೆಲೆಯಾದ ಸೌದಿ ಅರೇಬಿಯಾದ ಹೆಗ್ರಾಕ್ಕೆ ಹೋಗಬೇಕು. ಅಲ್ಲಿನ 94 ಅಲಂಕೃತ ಗೋರಿಗಳಲ್ಲಿ ಸುಮಾರು ಮೂವತ್ತರಲ್ಲಿ ಕಾಲ ನಮೂದಿಸಿದ ಶಾಸನಗಳಿವೆ. 1907ರಿಂದ ಜೋಸೆನ್ ಮತ್ತು ಸಾವಿನ್ಯಾಕ್ ಇವನ್ನು ದಾಖಲಿಸಿದರು. ಗೋರಿ ಯಾರದು, ಯಾರನ್ನು ಹೂಳಬಹುದು, ಮೀರಿದವರು ದುಷರಾ ದೇವರಿಗೂ ಅರಸನಿಗೂ ತೆರಬೇಕಾದ ದಂಡವೆಷ್ಟು, ಅರಸನ ಆಳ್ವಿಕೆಯ ಎಷ್ಟನೆಯ ವರ್ಷ, ಕೆತ್ತಿದ ಕಲ್ಲುಕುಟಿಗ ಯಾರು ಎಂಬುದೆಲ್ಲ ಬಾಗಿಲ ಮೇಲೆಯೇ ಸಿಗುತ್ತದೆ. ನಮ್ಮ ದಾನಶಾಸನಗಳ ಶಾಪಾಶಯ ಓದಿದವರಿಗೆ ಈ ಧಾಟಿ ಹೊಸದಲ್ಲ.

ಈ ಶಾಸನಗಳೆಲ್ಲ ಕ್ರಿಸ್ತಶಕದ ಆರಂಭದಿಂದ ಸುಮಾರು ಕ್ರಿ.ಶ. 75ರ ನಡುವಿನವು. ಆ ಮುಕ್ಕಾಲು ಶತಮಾನದಲ್ಲಿ ಸರಳ ಮಾದರಿಯೂ ಆಡಂಬರದ ಮಾದರಿಯೂ ಜೊತೆಜೊತೆಗೇ ನಡೆದಿವೆ. ಹಾಗಾಗಿ ವರ್ಗವು ಕಾಲಕ್ಕಿಂತ ಹೆಚ್ಚಾಗಿ ಒಡೆಯನ ಅಂತಸ್ತನ್ನೂ ಅವನು ಸುರಿದ ಹಣವನ್ನೂ ಸೂಚಿಸುತ್ತದೆ ಎಂದೇ ನನ್ನ ತೀರ್ಮಾನ. ಜುಡಿತ್ ಮೆಕೆಂಜಿ (1990) ಒಟ್ಟು ಆಕಾರವನ್ನು ಬದಿಗಿಟ್ಟು, ಕಪೋತದ ಅಂಚು, ಬೋದಿಗೆ, ಬಾಗಿಲುವಾಡದ ಪಟ್ಟಿಕೆಗಳ ಕೆತ್ತನೆಯನ್ನು ಹೆಗ್ರಾದ ಕಾಲನಿಶ್ಚಿತ ಗೋರಿಗಳೊಂದಿಗೆ ಹೋಲಿಸಿದರು. ಅವರಿಗೆ ಕಂಡ ಕ್ರಮ ತಿರುಗುಮುರುಗು: ಶುದ್ಧ ಗ್ರೀಕ್ ಅಲಂಕಾರ ಮೊದಲು, ಅದರ ಸರಳೀಕರಣ ಆಮೇಲೆ. ಪೆಟ್ರಾದ ದೇಗುಲ ಮಾದರಿಯ ಖಜ್ನೆ ಗೋರಿಯನ್ನು ಈಗ ಬಹುತೇಕ ವಿದ್ವಾಂಸರು ನಬಾಟಿಯನ್ ಅರಸರ ಕಾಲಕ್ಕೇ ಸೇರಿಸುತ್ತಾರೆ. ಅದೇ ದೇಗುಲ ವರ್ಗಕ್ಕೆ ಸೇರುವ ಫ್ಲೊರೆಂಟಿನಸ್ ಗೋರಿಯಾದರೋ ಕ್ರಿ.ಶ. 127ರಲ್ಲಿ ಅರೇಬಿಯಾ ಪ್ರಾಂತ್ಯವನ್ನು ಆಳುತ್ತಿದ್ದ ರೋಮನ್ ಅಧಿಕಾರಿಯದು. ವರ್ಗ ಒಂದೇ, ಅಂತರ ಸುಮಾರು ಒಂದು ಶತಮಾನ.

ಎಚ್ಚರವೂ ಬೇಕು. ಗೋರಿಗಳನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತಿದ್ದರು. ಹೆಗ್ರಾದ ಕಸ್ರ್ ಅಲ್-ಫರೀದ್‌ನಲ್ಲಿ ಮೇಲ್ಭಾಗ ನುಣುಪಾಗಿದ್ದರೆ ಕೆಳಭಾಗ ಒರಟು ಉಳಿಗುರುತುಗಳೊಂದಿಗೆ ಅರ್ಧಕ್ಕೇ ನಿಂತಿದೆ. ಕಪೋತ ಕೆತ್ತಿದ ಕಾಲ, ಕೋಣೆ ಮುಗಿಸಿದ ಕಾಲ, ಹೂಳಿದ ಕಾಲ ಒಂದೇ ಆಗಿರಬೇಕಿಲ್ಲ. ಒಳಗೆ ಸಿಕ್ಕ ಮಡಕೆಚೂರು ಹೇಳುವುದು ಬಳಕೆಯ ಕಾಲವನ್ನಷ್ಟೇ. ಆದ್ದರಿಂದ ಗೋರಿಗಳ ಪಟ್ಟಿಯಲ್ಲಿ ವರ್ಗಕ್ಕೂ ಕಾಲಕ್ಕೂ ಬೇರೆಬೇರೆ ಅಂಕಣಗಳಿರಬೇಕು. ಸ್ವತಂತ್ರ ಆಧಾರ ಸಿಗುವವರೆಗೆ ಎರಡನೆಯದನ್ನು ಖಾಲಿ ಬಿಡಬೇಕು.