ಪ್ರತಿಯೋಗಿಯಿಲ್ಲದ ಪಟ್ಟ

ತರ್ಕಶಾಸ್ತ್ರದಲ್ಲಿ ಪ್ರತಿಯೋಗಿ ಎಂಬ ಶಬ್ದಕ್ಕೆ ಒಂದು ವಿಶೇಷಾರ್ಥವುಂಟು. ಇಲ್ಲಿ ಘಟವಿಲ್ಲವೆಂದು ಹೇಳಬೇಕಾದರೆ ಘಟವೆಂದರೆ ಏನೆಂಬುದನ್ನು ಮೊದಲು ಅರಿತಿರಬೇಕು. ಯಾವುದರ ಅಭಾವವನ್ನು ಹೇಳುತ್ತೇವೆಯೋ ಅದೇ ಆ ಅಭಾವಕ್ಕೆ ಪ್ರತಿಯೋಗಿ. ಲೋಕವ್ಯವಹಾರದಲ್ಲಾದರೋ ಎದುರಾಗಿ ನಿಂತು ಸೆಣಸುವವನೇ ಪ್ರತಿಯೋಗಿ. ಈ ಎರಡು ಅರ್ಥಗಳೂ ಒಂದೆಡೆ ಕೂಡುವ ಪ್ರಶ್ನೆಯೊಂದು ಮುಷ್ಟಿಯುದ್ಧದ ಚರಿತ್ರೆಯಲ್ಲಿದೆ. ಒಬ್ಬ ಜಗಜಟ್ಟಿಯ ಕಾಲದಿಂದ ಅವನ ಮಹಾ ಎದುರಾಳಿಗಳನ್ನು ತೆಗೆದುಬಿಟ್ಟರೆ ಅವನ ಪಟ್ಟದಲ್ಲಿ ಉಳಿಯುವುದೇನು? ಇದು ಕಾಲಹರಣದ ಪ್ರಶ್ನೆಯೆಂದು ತೋರಬಹುದು. ಆದರೆ ವಿಚಾರಿಸುತ್ತ ಹೋದರೆ ಇದರೊಳಗೆ ನ್ಯಾಯಾನ್ಯಾಯಗಳ ಒಂದು ದೊಡ್ಡ ಪ್ರಕರಣವೇ ಅಡಗಿರುವುದು ಕಂಡುಬರುತ್ತದೆ.

ನಮ್ಮ ಪೂರ್ವಿಕರು ಈ ವಿಷಯವನ್ನು ಕಲ್ಲಿನಲ್ಲಿಯೇ ಇತ್ಯರ್ಥಪಡಿಸಿದ್ದರು. ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂದು ಇಂದು ಹೆಸರಾದ ಬೆಂಗಳೂರಿನ ಹೊರವಲಯವು ಗಂಗರ ಕಾಲದಲ್ಲಿ ವೀರಗಲ್ಲುಗಳ ನಾಡು. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಸುಪ್ರಸಿದ್ಧವಾದ ವೀರಗಲ್ಲು, ನಾಗತ್ತರನೆಂಬ ವೀರನು ತುಂಬೆಪಾಡಿಯ ಕಾಳಗದಲ್ಲಿ ಮಡಿದುದನ್ನು ಹೇಳುತ್ತದೆ. ಅವನನ್ನು ಯುದ್ಧಕ್ಕೆ ಕಳುಹಿಸಿದ ಒಡೆಯ ಎರೆಯಪ್ಪನ ಹೆಸರು ಅಲ್ಲಿದೆ. ಎದುರಿಗೆ ನಿಂತ ವೀರಮಹೇಂದ್ರನ ಹೆಸರೂ ಅಲ್ಲಿದೆ. ಸತ್ತವನ ಕೀರ್ತಿಯನ್ನು ಹಾಡುವ ಕಲ್ಲಿನಲ್ಲಿ ಹಗೆಯ ಹೆಸರಿಗೂ ಎಡೆ ಕೊಟ್ಟ ಆ ಲಿಪಿಕಾರನು, ಯಾರೊಡನೆ ಕಾದಿದನೆಂಬುದನ್ನು ಹೇಳದೆ ವೀರನ ವೃತ್ತಾಂತವು ಪೂರ್ಣವಾಗದೆಂಬುದನ್ನು ಚೆನ್ನಾಗಿ ಬಲ್ಲವನಾಗಿದ್ದನು.

ಈ ದೃಷ್ಟಿಯಿಂದ ಇಪ್ಪತ್ತನೆಯ ಶತಮಾನದ ಅತಿ ಪ್ರಖ್ಯಾತ ಮುಷ್ಟಿಮಲ್ಲನಾದ ಮಹಮ್ಮದ್ ಅಲಿಯ ಚರಿತ್ರೆಯನ್ನು ಪರಿಶೀಲಿಸಬಹುದು. ೧೯೪೨ರಲ್ಲಿ ಅಮೆರಿಕದ ಲೂಯಿವಿಲ್ ನಗರದಲ್ಲಿ ಕ್ಯಾಸಿಯಸ್ ಕ್ಲೇ ಎಂಬ ಹೆಸರಿನಿಂದ ಹುಟ್ಟಿದ ಈತನು ೧೯೬೪ರಲ್ಲಿ ಸಾನಿ ಲಿಸ್ಟನ್ನನನ್ನು ಜಯಿಸಿ ಭಾರೀ ತೂಕದ ವರ್ಗದ ಜಗತ್ಪಟ್ಟವನ್ನು ಪಡೆದನು. ೧೯೬೭ರಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯಕ್ಕೆ ಸೇರಲು ನಿರಾಕರಿಸಿದ್ದರಿಂದ ಪಟ್ಟವನ್ನು ಕಳೆದುಕೊಂಡು ಮೂರು ವರ್ಷಕ್ಕೂ ಮಿಕ್ಕಿ ಕಣದಿಂದ ಹೊರಗುಳಿದನು. ೧೯೭೦ರಲ್ಲಿ ಹಿಂದಿರುಗಿದ ಮೇಲೆ ಅವನಿಗೆ ಮೂವರು ಪ್ರಬಲರು ಎದುರಾದರು: ಜೋ ಫ್ರೇಜಿಯರ್, ಕೆನ್ ನಾರ್ಟನ್ ಮತ್ತು ಜಾರ್ಜ್ ಫೋರ್‌ಮನ್.

೧೯೭೧ರ ಮಾರ್ಚಿ ೮ರಂದು ನ್ಯೂಯಾರ್ಕಿನಲ್ಲಿ ನಡೆದ ಹದಿನೈದು ಸುತ್ತಿನ ಪಂದ್ಯದಲ್ಲಿ ಫ್ರೇಜಿಯರನು ಕೊನೆಯ ಸುತ್ತಿನಲ್ಲಿ ಅಲಿಯನ್ನು ಎಡಗೈ ಪೆಟ್ಟಿನಿಂದ ನೆಲಕ್ಕೆ ಕೆಡವಿ ಗೆದ್ದನು. ಅಲಿಗೆ ಅದೇ ಮೊದಲ ಸೋಲು. ೧೯೭೩ರಲ್ಲಿ ನಾರ್ಟನ್ನನು ಅಲಿಯ ದವಡೆಯನ್ನು ಮುರಿದು ಗೆದ್ದನು. ಮುಂದೆ ಅಲಿಯು ಇವರಿಬ್ಬರನ್ನೂ ಎರಡೆರಡು ಸಲ ಸೋಲಿಸಿದನು. ೧೯೭೪ರ ಅಕ್ಟೋಬರ್ ೩೦ರಂದು ಜೈರ್ ದೇಶದ ಕಿನ್ಶಾಸಾದಲ್ಲಿ, ಅದುವರೆಗೆ ನಲವತ್ತು ಪಂದ್ಯಗಳಲ್ಲಿ ಒಂದನ್ನೂ ಸೋಲದಿದ್ದ ಫೋರ್‌ಮನ್ನನನ್ನು ಎಂಟನೆಯ ಸುತ್ತಿನಲ್ಲಿ ಉರುಳಿಸಿ ಕಳೆದುಹೋದ ಪಟ್ಟವನ್ನು ಮರಳಿ ಪಡೆದನು.

ಈಗ ವ್ಯತಿರೇಕವನ್ನು ಕಲ್ಪಿಸಿ ನೋಡಬೇಕು. ಅಲಿಯು ಒಟ್ಟು ಆಡಿದ ಪಂದ್ಯಗಳು ೬೧. ಗೆಲವು ೫೬, ಸೋಲು ೫. ಈ ಮೂವರೊಡನೆ ನಡೆದವು ಏಳು. ಅವುಗಳಲ್ಲಿ ಗೆಲವು ೫, ಸೋಲು ೨. ಇವನ್ನು ಕಳೆದರೆ ೫೪ ಪಂದ್ಯಗಳೂ ೫೧ ಗೆಲವುಗಳೂ ೩ ಸೋಲುಗಳೂ ಉಳಿಯುತ್ತವೆ. ನೂರಕ್ಕೆ ಸುಮಾರು ೯೨ರಷ್ಟಿದ್ದ ಗೆಲವಿನ ಪ್ರಮಾಣವು ೯೪ಕ್ಕೆ ಏರುತ್ತದೆ. ಉಳಿದ ಮೂರು ಸೋಲುಗಳೂ ೧೯೭೮ರಿಂದೀಚಿನವು, ಎಂದರೆ ಅವನು ಮೂವತ್ತಾರರ ವಯಸ್ಸನ್ನು ಮುಟ್ಟಿದ ಮೇಲಿನವು. ಯೌವನಕಾಲದಲ್ಲಿ ಸೋಲೆಂಬುದನ್ನೇ ಕಾಣದವನೆಂಬ ಬಿರುದು ಅವನಿಗೆ ಸಲ್ಲುತ್ತಿದ್ದಿತು.

ಪಟ್ಟದ ಮರುಪ್ರಾಪ್ತಿಯೂ ಸುಲಭವಾಗುತ್ತಿದ್ದಿತು. ಅಲಿಯು ಕಣದಿಂದ ಹೊರಗಿದ್ದಾಗ ಪಟ್ಟದ ಒಂದು ಭಾಗವು ಜಿಮ್ಮಿ ಎಲ್ಲಿಸ್ ಎಂಬವನ ಕೈಯಲ್ಲಿತ್ತು. ೧೯೭೦ರಲ್ಲಿ ಅವನಿಂದ ಅದನ್ನು ಕಿತ್ತುಕೊಂಡವನು ಫ್ರೇಜಿಯರನು. ಎಲ್ಲಿಸನು ಅಲಿಯ ಊರಿನವನೇ, ಬಾಲ್ಯದಿಂದ ಅವನೊಡನೆ ಅಭ್ಯಾಸಮಾಡಿದವನು. ೧೯೭೧ರ ಜುಲೈಯಲ್ಲಿ ಅಲಿಯು ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಸೋಲಿಸಿದನು. ಫ್ರೇಜಿಯರನು ಇಲ್ಲದಿದ್ದರೆ ಬಹುಶಃ ಅಂದೇ, ಹಳೆಯ ಗೆಳೆಯನ ಕೈಯಿಂದಲೇ, ಪಟ್ಟವು ಮರಳಿ ಬರುತ್ತಿದ್ದಿತು. ಕಿನ್ಶಾಸಾಕ್ಕೆ ಹೋಗುವ ಪ್ರಮೇಯವೇ ಇರುತ್ತಿರಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ಇದೆಲ್ಲ ಲಾಭವೇ. ಆದರೆ ಈ ಲಾಭವನ್ನು ಒಪ್ಪಿಕೊಂಡರೆ ಕೈಬಿಟ್ಟುಹೋಗುವುದೇನೆಂಬುದನ್ನೂ ನೋಡಬೇಕು. ೧೯೬೭ಕ್ಕೆ ಮುಂಚಿನ ಅಲಿಯು ಪೆಟ್ಟು ತಗುಲದಂತೆ ಸರಿಯುವ ಚಪಲಪಾದನೆಂದು ಹೆಸರಾದವನು. ಪೆಟ್ಟು ತಿಂದೂ ನಿಲ್ಲಬಲ್ಲನೇ, ಬಿದ್ದು ಏಳಬಲ್ಲನೇ, ಕಾಲಿನ ವೇಗವು ಕುಂದಿದ ಮೇಲೆ ಬುದ್ಧಿಯಿಂದ ಗೆಲ್ಲಬಲ್ಲನೇ ಎಂಬುದು ಆಗ ಪೂರ್ಣವಾಗಿ ಪರೀಕ್ಷೆಗೆ ಬಂದಿರಲಿಲ್ಲ. ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ ನಿಂತು ಫೋರ್‌ಮನ್ನನ ಬಲವೆಲ್ಲ ವ್ಯಯವಾಗುವವರೆಗೆ ಸಹಿಸಿದ ಉಪಾಯವು ಆ ಎದುರಾಳಿಯಿಂದಲೇ ಹುಟ್ಟಿದ್ದು. ೧೯೭೫ರ ಅಕ್ಟೋಬರ್ ೧ರಂದು ಮನಿಲಾದಲ್ಲಿ ಹದಿನಾಲ್ಕು ಸುತ್ತುಗಳು ಮುಗಿದಾಗ ಫ್ರೇಜಿಯರನ ಕಣ್ಣುಗಳು ಬಾತು ಮುಚ್ಚಿಹೋಗುವಂತಾಗಿದ್ದವು; ಅವನ ಗುರುವಾದ ಎಡ್ಡಿ ಫಚ್ ಎಂಬವನು ಶಿಷ್ಯನನ್ನು ಇನ್ನೊಂದು ಸುತ್ತಿಗೆ ಬಿಡಲೊಪ್ಪದೆ ಪಂದ್ಯವನ್ನು ನಿಲ್ಲಿಸಿದನು. ಗೆದ್ದವನೂ ನಿಲ್ಲಲಾರದೆ ಕುಸಿದನು. ಇಂದು ಅಲಿಯ ಹೆಸರಿನೊಡನೆ ಜನರು ನೆನೆಯುವುದು ಈ ಪಂದ್ಯಗಳನ್ನೇ ಹೊರತು ಸುಲಭವಾಗಿ ಸೋತವರ ಪಟ್ಟಿಯನ್ನಲ್ಲ.

ಇದಕ್ಕೊಂದು ಆಕ್ಷೇಪವುಂಟು. ಆ ಪೆಟ್ಟುಗಳು ಇಲ್ಲದಿದ್ದರೆ ಅಲಿಯ ದೇಹವು ಕ್ಷೇಮವಾಗಿರುತ್ತಿರಲಿಲ್ಲವೇ? ೧೯೮೪ರಲ್ಲಿ ಕಂಪವಾಯುವಿನ ಲಕ್ಷಣಗಳನ್ನು ವೈದ್ಯರು ಗುರುತಿಸಿದ ಮೇಲೆ, ೨೦೧೬ರಲ್ಲಿ ಮರಣಹೊಂದುವವರೆಗೂ ಆತನು ಆ ವ್ಯಾಧಿಯೊಡನೆ ಬಾಳಬೇಕಾಯಿತು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಕೀರ್ತಿಗೆ ಬೆಲೆಯುಂಟು; ಆ ಬೆಲೆಯು ಹೆಚ್ಚಾಯಿತೆಂದು ಭಾವಿಸುವವರು ತಪ್ಪಾಡುತ್ತಾರೆಂದು ಹೇಳುವಂತಿಲ್ಲ. ಆದರೆ ಬೆಲೆ ಹೆಚ್ಚೆಂದ ಮಾತ್ರಕ್ಕೆ ಎದುರಾಳಿಗಳಿಲ್ಲದೆಯೂ ಅದೇ ಕೀರ್ತಿಯು ದೊರೆಯುತ್ತಿದ್ದಿತೆಂದು ಸಿದ್ಧವಾಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕಲ್ಪನೆ. ಆದರೆ ಪ್ರತಿಯೋಗಿಯನ್ನು ಕಣದಿಂದ ತೆಗೆದುಹಾಕುವ ಕೆಲಸವು ಕಲ್ಪನೆಯಲ್ಲಿ ಮಾತ್ರವೇ ನಡೆದುದಲ್ಲ. ಭಾರತದ ಕಥೆಯನ್ನು ಬಲ್ಲವರಿಗೆ ಹಸ್ತಿನಾವತಿಯ ರಂಗವು ನೆನಪಿಗೆ ಬಾರದಿರದು. ಅರ್ಜುನನು ತನ್ನ ವಿದ್ಯೆಯನ್ನು ತೋರಿ ಮೆಚ್ಚುಗೆ ಪಡೆಯುತ್ತಿದ್ದಾಗ ಕರ್ಣನು ಬಂದು ಸಮಬಲನಾಗಿ ನಿಂತನು. ಆಗ ಕೃಪಾಚಾರ್ಯನು ಕೇಳಿದ್ದು ಅವನ ವಿದ್ಯೆಯನ್ನಲ್ಲ, ಕುಲವನ್ನು. ದುರ್ಯೋಧನನು ಅಂಗರಾಜ್ಯವನ್ನಿತ್ತರೂ ದ್ವಂದ್ವವು ನಡೆಯುವ ಮುನ್ನವೇ ಸೂರ್ಯನು ಮುಳುಗಿದನು. ಅಂದು ಅರ್ಜುನನು ಸೋಲಲಿಲ್ಲವೆಂಬುದು ನಿಜ. ಗೆಲ್ಲಲಿಲ್ಲವೆಂಬುದೂ ಅಷ್ಟೇ ನಿಜ. ೯೪೧ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಅರ್ಜುನನಲ್ಲಿ ತನ್ನ ಆಶ್ರಯದಾತನಾದ ಅರಿಕೇಸರಿಯನ್ನೇ ಕಂಡವನಾದರೂ ಕರ್ಣನನ್ನು ಕುಗ್ಗಿಸಿ ಚಿತ್ರಿಸಲಿಲ್ಲ. ಕರ್ಣನು ಕುಗ್ಗಿದಷ್ಟೂ ಅರ್ಜುನನ ವಿಜಯವೂ ಕುಗ್ಗುವುದೆಂಬುದು ಆ ಮಹಾಕವಿಗೆ ತಿಳಿದಿದ್ದಿತು.

ಅಮೆರಿಕದ ಮುಷ್ಟಿಯುದ್ಧದ ರಂಗದಲ್ಲಿ ಕುಲದ ಸ್ಥಾನದಲ್ಲಿ ವರ್ಣವು ಕುಳಿತಿದ್ದಿತು. ಕಪ್ಪುವರ್ಣದ ಜ್ಯಾಕ್ ಜಾನ್ಸನ್ ಎಂಬವನು ೧೯೦೩ರಲ್ಲಿಯೇ ತನ್ನ ಜನಾಂಗದ ಮಲ್ಲರಲ್ಲಿ ಅಗ್ರಗಣ್ಯನಾಗಿದ್ದರೂ ಅಂದಿನ ಜಗಜಟ್ಟಿಯಾದ ಜಿಮ್ ಜೆಫ್ರೀಸನು ಅವನಿಗೆ ಪಟ್ಟದ ಪಂದ್ಯವನ್ನು ಕೊಡದೆ ೧೯೦೫ರಲ್ಲಿ ನಿವೃತ್ತನಾದನು. ೧೯೦೮ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಟಾಮಿ ಬರ್ನ್ಸನನ್ನು ಸೋಲಿಸಿ ಜಾನ್ಸನ್ನನು ಪಟ್ಟವೇರಿದನು. ೧೯೧೦ರಲ್ಲಿ, ನಿವೃತ್ತಿಯಿಂದ ಮರಳಿ ಬಂದ ಜೆಫ್ರೀಸನನ್ನೂ ಸೋಲಿಸಿದನು. ಆದರೆ ವಿಧಿಯ ವಿಡಂಬನೆಯನ್ನು ನೋಡಬೇಕು. ತಾನೇ ಬಾಗಿಲ ಹೊರಗೆ ನಿಂತು ನೊಂದವನಾದ ಜಾನ್ಸನ್ನನು, ಒಳಗೆ ಬಂದ ಮೇಲೆ, ಸ್ಯಾಮ್ ಲ್ಯಾಂಗ್‌ಫರ್ಡನಿಗೆ ಅದೇ ಬಾಗಿಲನ್ನು ತೆರೆಯಲಿಲ್ಲ. ೧೯೦೬ರಲ್ಲಿ, ತೂಕದಲ್ಲಿ ತನಗಿಂತ ಬಹಳ ಕಡಿಮೆಯಾಗಿದ್ದ ಲ್ಯಾಂಗ್‌ಫರ್ಡನನ್ನು ಜಾನ್ಸನ್ನನು ಹದಿನೈದು ಸುತ್ತುಗಳಲ್ಲಿ ಗೆದ್ದಿದ್ದನು. ಅನಂತರ ಲ್ಯಾಂಗ್‌ಫರ್ಡನು ಮೈತುಂಬಿ ಬೆಳೆದು ಪ್ರಚಂಡನಾದನು. ೧೯೧೫ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲಾರ್ಡನಿಗೆ ಸೋಲುವವರೆಗೂ ಜಾನ್ಸನ್ನನು ಅವನ ಗೊಡವೆಗೆ ಹೋಗಲಿಲ್ಲ.

ಮುಂದಿನ ಕಥೆಯೂ ಇಂಥದೇ. ೧೯೧೯ರಿಂದ ೧೯೨೬ರವರೆಗೆ ಪಟ್ಟದಲ್ಲಿದ್ದ ಜ್ಯಾಕ್ ಡೆಂಪ್ಸಿಗೆ ಕಪ್ಪುವರ್ಣದ ಹ್ಯಾರಿ ವಿಲ್ಸನು ಸಮರ್ಥ ಪ್ರತಿಯೋಗಿಯೆಂದು ಎಲ್ಲರೂ ಬಲ್ಲವರಾಗಿದ್ದರು. ೧೯೨೫ರಲ್ಲಿ ಕರಾರುಪತ್ರಕ್ಕೆ ಸಹಿಯಾಯಿತು. ಪಂದ್ಯವು ಮಾತ್ರ ನಡೆಯಲಿಲ್ಲ. ೧೯೨೩ರ ಸೆಪ್ಟೆಂಬರಿನಿಂದ ೧೯೨೬ರ ಸೆಪ್ಟೆಂಬರಿನವರೆಗೆ ಮೂರು ವರ್ಷ ಡೆಂಪ್ಸಿಯು ಪಟ್ಟವನ್ನು ಪಣವಾಗಿಟ್ಟು ಒಮ್ಮೆಯೂ ಕಣಕ್ಕಿಳಿಯಲಿಲ್ಲ. ೧೯೧೫ರಲ್ಲಿ ಜಾನ್ಸನ್ನನು ಸೋತಂದಿನಿಂದ ೧೯೩೭ರಲ್ಲಿ ಜೋ ಲೂಯಿಯು ಷಿಕಾಗೋದಲ್ಲಿ ಪಟ್ಟವನ್ನು ಗೆದ್ದವರೆಗೆ, ಇಪ್ಪತ್ತೆರಡು ವರ್ಷಗಳ ಕಾಲ, ಕಪ್ಪುವರ್ಣದ ಯಾವ ಮಲ್ಲನಿಗೂ ಭಾರೀ ತೂಕದ ಜಗತ್ಪಟ್ಟದ ಪಂದ್ಯವು ದೊರೆಯಲಿಲ್ಲ. ಬಾಗಿಲು ತೆರೆದ ಮೇಲೆ ಆದುದೇನು? ಲೂಯಿಯು ಇಪ್ಪತ್ತೈದು ಸಲ ಪಟ್ಟವನ್ನು ಉಳಿಸಿಕೊಂಡನು; ೧೯೩೬ರಲ್ಲಿ ತನ್ನನ್ನು ಸೋಲಿಸಿದ್ದ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನನ್ನು ೧೯೩೮ರಲ್ಲಿ ಮೊದಲನೆಯ ಸುತ್ತಿನಲ್ಲಿಯೇ ಉರುಳಿಸಿದನು. ಸೋಲಿಸಿದವನನ್ನೇ ಮತ್ತೆ ಕರೆದು ಎದುರಿಸಿದ್ದರಿಂದಲೇ ಅವನ ಪಟ್ಟಕ್ಕೆ ತೂಕ ಬಂದಿತು.

ಲ್ಯಾಂಗ್‌ಫರ್ಡನ ಗತಿಯನ್ನು ಹೇಳದೆ ಈ ವಿಚಾರವನ್ನು ಮುಗಿಸುವುದು ಅನುಚಿತ. ಪಟ್ಟದ ಪಂದ್ಯವು ದೊರೆಯದವರು ಹೊಟ್ಟೆಪಾಡಿಗಾಗಿ ತಮ್ಮತಮ್ಮೊಳಗೆಯೇ ಮತ್ತೆ ಮತ್ತೆ ಹೊಡೆದಾಡಬೇಕಾಗಿದ್ದಿತು. ಲ್ಯಾಂಗ್‌ಫರ್ಡನೂ ವಿಲ್ಸನೂ ಪರಸ್ಪರ ಹದಿನೈದಕ್ಕೂ ಹೆಚ್ಚು ಸಲ ಕಾದಿದರು. ದೃಷ್ಟಿ ಮಂದವಾಗುತ್ತ ಬಂದರೂ ಲ್ಯಾಂಗ್‌ಫರ್ಡನು ಕಣವನ್ನು ಬಿಡಲಿಲ್ಲ. ೧೯೪೪ರಲ್ಲಿ ವೃತ್ತಪತ್ರಿಕೆಯ ಬರಹಗಾರನೊಬ್ಬನು ಅವನನ್ನು ಹುಡುಕಿಕೊಂಡು ಹೋದಾಗ, ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಒಂದು ಕೋಣೆಯಲ್ಲಿ ಕುರುಡನಾಗಿ, ಬಡವನಾಗಿ, ಲೋಕಕ್ಕೆ ಮರೆತವನಾಗಿ ಕುಳಿತಿದ್ದನು. ಆ ಬರಹವನ್ನು ಓದಿದವರು ಹಣ ಕೂಡಿಸಿ ಅವನ ಕೊನೆಗಾಲಕ್ಕೆ ಆಧಾರವನ್ನು ಕಲ್ಪಿಸಿದರು. ೧೯೫೬ರಲ್ಲಿ ಅವನು ತೀರಿಕೊಂಡನು.

ಅಲಿಯಿಂದ ಫ್ರೇಜಿಯರನನ್ನು ಕಳೆದರೆ ನಷ್ಟವಾಗುವುದು ಒಂದು ಕೀರ್ತಿ. ಅದೂ ಊಹೆಯಲ್ಲಿ ಮಾತ್ರ. ಜಾನ್ಸನ್ನನಿಂದ ಲ್ಯಾಂಗ್‌ಫರ್ಡನನ್ನೂ ಡೆಂಪ್ಸಿಯಿಂದ ವಿಲ್ಸನನ್ನೂ ಕಳೆದಾಗ ನಷ್ಟವಾದುದು ಇಬ್ಬರ ಬಾಳು. ಅದು ನಿಜವಾಗಿ ನಡೆದುದು. ಪಟ್ಟವೇರಿದವರೂ ಅದರಿಂದ ಪೂರ್ಣ ಲಾಭವನ್ನು ಪಡೆಯಲಿಲ್ಲ. ಜಾನ್ಸನ್ ಡೆಂಪ್ಸಿಗಳ ಪರಾಕ್ರಮವನ್ನು ಹೊಗಳುವವರು ಇಂದಿಗೂ ಆ ಎರಡು ಹೆಸರುಗಳು ಬಂದೊಡನೆ ಸಮಾಧಾನ ಹೇಳಬೇಕಾಗುತ್ತದೆ. ಗೆದ್ದವರ ಪಟ್ಟಿಯನ್ನು ಓದುವಾಗ ಯಾರನ್ನು ಗೆದ್ದರೆಂಬುದನ್ನು ನೋಡುವಂತೆಯೇ ಯಾರನ್ನು ಕಣಕ್ಕೆ ಬರಗೊಡಲಿಲ್ಲವೆಂಬುದನ್ನೂ ವಿಚಾರಿಸುವುದು ಚರಿತ್ರಕಾರನ ಕರ್ತವ್ಯ. ಬೇಗೂರಿನ ಲಿಪಿಕಾರನು ಹಗೆಯ ಹೆಸರನ್ನು ಕೆತ್ತಲು ಹಿಂಜರಿಯಲಿಲ್ಲ. ಆದಕಾರಣವೇ ಸಾವಿರ ವರ್ಷಗಳ ಮೇಲೆಯೂ ನಾಗತ್ತರನ ಶೌರ್ಯದಲ್ಲಿ ಯಾರಿಗೂ ಸಂಶಯವಿಲ್ಲ.