ಹಸಿದವರಿಗೆ ಅನ್ನ ಕೊಟ್ಟರೂ ಉಗ್ರರಿಗೆ ನೆರವು ಕೊಟ್ಟಂತೆಯೇ?

2011ರ ಜುಲೈ 20ರಂದು ವಿಶ್ವಸಂಸ್ಥೆ ದಕ್ಷಿಣ ಸೊಮಾಲಿಯಾದ ಎರಡು ಪ್ರದೇಶಗಳಲ್ಲಿ ಕ್ಷಾಮ ಘೋಷಿಸಿತು. ಆ ಕ್ಷಾಮಕ್ಕೆ ಸುಮಾರು 2,58,000 ಜನ ಬಲಿಯಾದರು ಎಂಬುದು ನಂತರದ ಅಧ್ಯಯನದ ಅಂದಾಜು. ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಮಳೆ ಕೈಕೊಟ್ಟಿತ್ತು, ಯುದ್ಧ ನಡೆದಿತ್ತು, ಅಲ್-ಶಬಾಬ್ ಉಗ್ರರು ಹಲವು ನೆರವು ಸಂಸ್ಥೆಗಳನ್ನು ಓಡಿಸಿದ್ದರು. ಇವುಗಳ ಜೊತೆಗೆ ಒಂದು ಕಾನೂನೂ ಇತ್ತು. ನಾನಿಲ್ಲಿ ಹೇಳಹೊರಟಿದ್ದು ಅದರ ಬಗ್ಗೆ.

ಏನದು ಕಾನೂನು?

ಅಮೆರಿಕ 2008ರಲ್ಲಿ ಅಲ್-ಶಬಾಬನ್ನು ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿರುವ ಸಂಘಟನೆಗೆ ಗೊತ್ತಿದ್ದೂ ಯಾವುದೇ ಬೆಂಬಲ ಕೊಡುವುದು ಅಲ್ಲಿ ಅಪರಾಧ. ವಿನಾಯಿತಿ ಇರುವುದು ಔಷಧಿ ಮತ್ತು ಧಾರ್ಮಿಕ ಸಾಮಗ್ರಿಗೆ ಮಾತ್ರ, ಅಕ್ಕಿಗೆ ಇಲ್ಲ, ಟಾರ್ಪಾಲಿಗೂ ಇಲ್ಲ. ಅಂದ್ರೆ, ಆಹಾರದ ಲಾರಿ ಬಿಡಿಸಿಕೊಳ್ಳಲು ಉಗ್ರರಿಗೆ ಸುಂಕ ಕಟ್ಟಿದರೂ ಕೇಸು ಬೀಳುವ ಭಯ. ಶಾಂತಿ ಮಾತುಕತೆಯ ತರಬೇತಿ ಕೊಡುವುದೂ ಅಪರಾಧವೇ ಎಂದು 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3 ಬಹುಮತದಲ್ಲಿ ಹೇಳಿತು. ಸೊಮಾಲಿಯಾಕ್ಕೆ ನಿಯಮ ಸಡಿಲವಾಗಿದ್ದು ಕ್ಷಾಮ ಘೋಷಣೆಯಾದ ಮೇಲೆ!

ತಪ್ಪಿರುವುದು ಎಲ್ಲಿ?

ಇಂಜಿನಿಯರಿಂಗ್ ಕಾಲೇಜಲ್ಲಿ ನನಗೆ ಕಲಿಸಿದ ಪಾಠ: ಯಾವುದೇ ಜರಡಿ ಎರಡು ತಪ್ಪು ಮಾಡಬಹುದು. ಕಸವನ್ನು ಬಿಡುವುದು ಒಂದು, ಕಾಳನ್ನು ತಡೆಯುವುದು ಇನ್ನೊಂದು. ಈ ಕಾನೂನುಗಳು ಶಿಕ್ಷಿಸುವುದು ಮೊದಲನೆಯದನ್ನಷ್ಟೇ. ತಪ್ಪು ಕೈಗೆ ಹಣ ಹೋದರೆ ಬ್ಯಾಂಕಿಗೆ ಭಾರೀ ದಂಡ. ನೆರವಿನ ಹಣ ತಡೆದರೆ ಯಾರೂ ಕೇಳಲ್ಲ. ಹಾಗಾಗಿ ತಡೆಯುವುದೇ ಸಲೀಸು.

ಭಾರತದ ನಿಲುವು ಏನು?

ವಿಶ್ವಸಂಸ್ಥೆ ಹೇರಿದ ಆಸ್ತಿ ಮುಟ್ಟುಗೋಲು ನಿಯಮಗಳಿಂದ ಮಾನವೀಯ ನೆರವಿಗೆ ವಿನಾಯಿತಿ ಕೊಡುವ 2664ನೇ ನಿರ್ಣಯವನ್ನು ಭದ್ರತಾ ಮಂಡಳಿ 2022ರ ಡಿಸೆಂಬರ್ 9ರಂದು ಅಂಗೀಕರಿಸಿತು. 14 ದೇಶ ಪರವಾಗಿ ಮತ ಹಾಕಿದವು. ಮತದಾನದಿಂದ ದೂರ ಉಳಿದ ಏಕೈಕ ದೇಶ ಭಾರತ. ನೆರೆಯಲ್ಲಿ ಉಗ್ರ ಸಂಘಟನೆಗಳು ದತ್ತಿ ಸಂಸ್ಥೆಯ ವೇಷ ಹಾಕುತ್ತಿವೆ ಎಂಬುದು ನಮ್ಮ ವಾದ. ಅದು ಸುಳ್ಳಲ್ಲ. ಲಷ್ಕರ್‌ನ ಇನ್ನೊಂದು ಮುಖವಾದ ಜಮಾತ್-ಉದ್-ದಾವಾ ಮಾಡಿದ್ದು ಅದನ್ನೇ.

ಆದರೆ ನಮ್ಮೊಳಗಿನ ಜರಡಿ ಹೇಗಿದೆ? ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಸಾಕು, ಯುಎಪಿಎಯ 43ಡಿ(5) ಪ್ರಕಾರ ಜಾಮೀನು ಕೊಡುವಂತಿಲ್ಲ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ನಂತರ ಜಾರ್ಖಂಡ್‌ನ ಆದಿವಾಸಿ ವಿಚಾರಣಾಧೀನ ಕೈದಿಗಳ ಪರ ನಿಂತ ಸ್ಟ್ಯಾನ್ ಸ್ವಾಮಿ ಅವರ ಮೇಲೆ ಮಾವೋವಾದಿ ನಂಟಿನ ಆರೋಪ ಬಂತು. ಅವರು ಅದನ್ನು ನಿರಾಕರಿಸಿದ್ದರು. 2021ರ ಜುಲೈ 5ರಂದು, 84ರ ವಯಸ್ಸಿನಲ್ಲಿ, ನ್ಯಾಯಾಂಗ ಬಂಧನದಲ್ಲೇ ತೀರಿಕೊಂಡರು. ವಿಚಾರಣೆ ಶುರುವೇ ಆಗಿರಲಿಲ್ಲ.

ಉಗ್ರರ ಹಣ ತಡೆಯಬೇಡಿ ಅಂತ ನಾನು ಹೇಳ್ತಿಲ್ಲ. ಜರಡಿಯ ಎರಡನೇ ತಪ್ಪಿಗೂ ಯಾರಾದರೂ ಉತ್ತರ ಕೊಡಲಿ, ಅಷ್ಟೇ.