ಬಾಪನ ವ್ಯಾನಿನ ಸ್ಟಿಯರಿಂಗ್ ಬಾಕ್ಸು

ನಮ್ಮವರ ಹಳೆಯ ಅಂಗಡಿಗಳ ಚರಿತ್ರೆ ಹೇಳುವಾಗ ಯಾರು ಇಟ್ಟರು, ಯಾವಾಗ ಇಟ್ಟರು ಎಂಬುದು ಬರುತ್ತದೆ. ಆ ಅಂಗಡಿಗೆ ಸಾಮಾನು ಹೊತ್ತ ಗಾಡಿಯ ಮಾತು ಬರುವುದಿಲ್ಲ. ಉಪ್ಪಳದ ನಮ್ಮ ದಿನಸಿ ಅಂಗಡಿಗೆ ಮಂಗಳೂರು ಬಂದರಿನಿಂದ ಅಕ್ಕಿ, ಸಕ್ಕರೆ ತರುತ್ತಿದ್ದದ್ದು ಬಾಪ ಸೆಕೆಂಡ್ ಹ್ಯಾಂಡಿಗೆ ತೆಗೆದುಕೊಂಡ ಮಹೀಂದ್ರ ಜೀಪು. ಹಿಂದೆ ತಗಡಿನ ಗೂಡು ಕಟ್ಟಿಸಿದ್ದರಿಂದ ಊರವರ ಬಾಯಲ್ಲಿ ಅದು ‘ವ್ಯಾನು’.

ಜೀಪಿನ ಮೂಲ ಅಮೆರಿಕದ ವಿಲ್ಲೀಸ್ ಕಂಪೆನಿ. ಇಲ್ಲಿ ಅದನ್ನು ಜೋಡಿಸಿದ ಕಂಪೆನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು ‘ಮಹೀಂದ್ರ ಆಂಡ್ ಮೊಹಮ್ಮದ್’. ಪಾಲುದಾರ ಗುಲಾಮ್ ಮೊಹಮ್ಮದ್ ವಿಭಜನೆಯ ಹೊತ್ತಿಗೆ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಹೆಸರು ಬದಲಾಯಿತು, ಎರಡು ‘ಎಂ’ ಅಕ್ಷರಗಳು ಮಾತ್ರ ಉಳಿದವು.

ಸ್ಟಿಯರಿಂಗ್ ಬಾಕ್ಸಿನ ಕತೆ ಇನ್ನೂ ಹಳೆಯದು. ಅದು ಡೇವಿಡ್ ರಾಸ್ ಎಂಬವರು 1906ರಲ್ಲಿ ಇಂಡಿಯಾನದ ಲಾಫಯೆಟ್ ಊರಿನಲ್ಲಿ ಶುರುಮಾಡಿದ ಗೇರ್ ಕಂಪೆನಿಯ ನಮೂನೆ. ಒಳಗೆ ಸುರುಳಿಯಾಗಿ ಕೊರೆದ ಒಂದು ವರ್ಮ್. ಆ ಸುರುಳಿಯಲ್ಲಿ ಕೂರುವ ಎರಡು ಪಿನ್ನುಗಳಿರುವ ಲಿವರ್. ನಾವು ಚಕ್ರ ತಿರುಗಿಸಿದರೆ ಪಿನ್ನು ಸುರುಳಿಯಲ್ಲಿ ಸರಿಯುತ್ತದೆ, ಲಿವರ್ ಹೊರಗಿನ ಡ್ರಾಪ್ ಆರ್ಮನ್ನು ಎಳೆಯುತ್ತದೆ. ಜಾಣತನವಿರುವುದು ಸುರುಳಿಯ ನಡುವಿನಲ್ಲಿ. ಗಾಡಿ ನೇರ ಹೋಗುವಾಗ ಪಿನ್ನು ಕೂರುವ ಆ ಜಾಗವನ್ನು ಬೇಕೆಂದೇ ಸ್ವಲ್ಪ ಕಡಿಮೆ ಆಳ ಕೊರೆದಿರುತ್ತಾರೆ. ಗಾಡಿ ಹೆಚ್ಚು ಓಡುವುದು ನೇರಕ್ಕೆ, ಆದ್ದರಿಂದ ಮೊದಲು ಸವೆಯುವುದೂ ಅಲ್ಲೇ. ಸವೆದಷ್ಟಕ್ಕೆ ಬದಿಯ ಸ್ಕ್ರೂ ಬಿಗಿದರೆ ಪ್ಲೇ ಹೋಗುತ್ತದೆ, ಎರಡು ಬದಿಗಳಲ್ಲಿ ಹಿಡಿಯುವುದೂ ಇಲ್ಲ. ಡಿಪ್ಲೊಮಾ ಓದುವಾಗ ಇದನ್ನು ತಿಳಿದು ಆ ಕಾಲದವರ ಮೇಲೆ ಗೌರವ ಬಂತು.

ಆದರೆ ಆ ಕಡಿಮೆ ಆಳವೂ ಒಂದು ದಿನ ಮುಗಿಯುತ್ತದೆ. ನಮ್ಮ ವ್ಯಾನಿನದ್ದು ಮುಗಿದಿತ್ತು. ಚಕ್ರ ನಾಲ್ಕು ಬೆರಳು ತಿರುಗಿದರೂ ಟೈರು ಅಲುಗುತ್ತಿರಲಿಲ್ಲ. ದಾರಿಬದಿಯ ಒಂದು ಗ್ಯಾರೇಜಿನವರು ಐದು ನಿಮಿಷದಲ್ಲಿ ಸ್ಕ್ರೂ ಬಿಗಿದು ಕಳುಹಿಸಿದರು. ಪ್ಲೇ ಪೂರಾ ಮಾಯ. ಬಾಪನಿಗೂ ಖುಷಿ. ತಲಪಾಡಿ ಚೆಕ್‌ಪೋಸ್ಟ್ ದಾಟಿ ಒಂದು ತಿರುವಿನಲ್ಲಿ ತಿರುಗಿಸಿದ ಚಕ್ರ ವಾಪಸ್ ಬರಲೇ ಇಲ್ಲ. ನಡುವೆ ಸವೆದ ಸುರುಳಿಗೆ ಬಿಗಿದ ಪಿನ್ನು, ಸವೆಯದ ಬದಿಯಲ್ಲಿ ಕಚ್ಚಿಕೊಂಡಿತ್ತು. ವ್ಯಾನು ಚರಂಡಿಗೆ ಇಳಿಯಿತು. ಅಲ್‌ಹಮ್ದುಲಿಲ್ಲಾ, ಹೋದದ್ದು ಎರಡು ಮೂಟೆ ಸಕ್ಕರೆ ಮಾತ್ರ. ಉಮ್ಮ ಆ ಮೇಲೆ ಎಷ್ಟೋ ದಿನ ಅಂಗಡಿಗೆ ಫೋನ್ ಮಾಡಿ ‘ಬಂದರಾ’ ಎಂದು ಕೇಳುತ್ತಿದ್ದರು.

ನಮ್ಮೂರಿನ ಮೇಸ್ತ್ರಿ ಬಾಕ್ಸು ಬಿಚ್ಚಿ ನೋಡಿದರು. ಒಳಗೆ ಗೇರ್ ಆಯಿಲ್ ಬದಲು ಗ್ರೀಸ್ ತುಂಬಿತ್ತು. ಆಯಿಲ್ ಸೋರುತ್ತದೆಂದು ಯಾರೋ ಹಿಂದೆ ಮಾಡಿದ ಉಪಾಯ. ಗ್ರೀಸ್ ಮೂಲೆಗೆ ಸರಿದರೆ ಅಲ್ಲೇ ನಿಲ್ಲುತ್ತದೆ, ಸುರುಳಿಗೆ ವಾಪಸ್ ಹರಿಯುವುದಿಲ್ಲ. ‘ಸೀಲು, ಬುಷ್ ಹೋಗಿದ್ದರೆ ಹಾಕಿ ಕೊಡುತ್ತಿದ್ದೆ. ಸುರುಳಿಯೇ ಹೋದ ಮೇಲೆ ರಿಪೇರಿ ಇಲ್ಲ ಮೋನೆ’ ಎಂದರು. ಬಾಪ ಮಂಗಳೂರಿನಿಂದ ಬೇರೆ ಬಾಕ್ಸು ತಂದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಗಾಡಿಗಳ ನಂಬರು ಮಾತ್ರ ಕೇರಳದ್ದು, ಬಿಡಿಭಾಗ ಮಂಗಳೂರಿನದೇ.

ಈಗ ಅಂಗಡಿಗೆ ಓಮ್ನಿ ಇದೆ. ಅದರದು ರ್ಯಾಕ್ ಆಂಡ್ ಪಿನಿಯನ್. ಸವೆದರೆ ಅಸೆಂಬ್ಲಿಯನ್ನೇ ಬದಲಾಯಿಸುವವರು ಹೆಚ್ಚು. ನನಗೇನೂ ಬೇಸರವಿಲ್ಲ, ಅದು ಹಗುರ, ಕೈಗೂ ಸುಖ.

ಹೊಸ ಬಾಕ್ಸು ಕೂರಿಸಿದ ದಿನ ನಾನು ಆರನೇ ಕ್ಲಾಸು. ಡ್ರಾಪ್ ಆರ್ಮ್ ಜೋಡಿಸುವ ಮೊದಲು ಮೇಸ್ತ್ರಿ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ, ಕುಟ್ಟದೆ, ಮೆಲ್ಲಗೆ ತಿರುಗಿಸಿ ಸುತ್ತು ಎಣಿಸಬೇಕು. ಆಮೇಲೆ ಅದರ ಅರ್ಧ ವಾಪಸ್. ಅದು ನಡು. ಅವರು ನನ್ನ ಲೆಕ್ಕ ನಂಬದೆ ಇನ್ನೊಮ್ಮೆ ಎಣಿಸಲು ಹೇಳಿದರು. ಎರಡನೇ ಸಲವೂ ಅದೇ ಬಂತು. ಮರುದಿನ ಸುಬ್ಹಿ ಕಳೆದು ಬಾಪ ಬಂದರಿಗೆ ಹೊರಟರು.